ಆರೋಗ್ಯ ಸಂಶೋಧನೆಗೆ ಒಂದು ರಾಷ್ಟ್ರೀಯ ಕಾಯ್ದೆ: ಫಿಲಿಪ್ಪೀನ್ಸ್‌ನಲ್ಲಿದೆ, ನಮ್ಮಲ್ಲೂ ಬೇಕಾ?

ದಾವಾವ್ ಡಾಕ್ಟರ್

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಕೋರ್ಸ್ ಓದಿದ್ದು ಫಿಲಿಪ್ಪೀನ್ಸ್‌ನ ದಾವಾವ್‌ನಲ್ಲಿ. ನಮ್ಮ ಕಡೆ ಹುಡುಗರು ಅಲ್ಲಿ ಬೇಕಾದಷ್ಟು ಜನ ಇದ್ದರು, ರಾತ್ರಿ ಹೊತ್ತು ಚಿತ್ರಾನ್ನ ಕಲಸಿಕೊಂಡು ತಿನ್ನುತ್ತಿದ್ದೆವು. ಅದು ಬೇರೆ ಕಥೆ ಬಿಡಿ. ಈಗ ಹಾವೇರಿ ಜಿಲ್ಲೆಯಲ್ಲಿದ್ದೇನೆ.

ಅಲ್ಲಿ ಸಮುದಾಯ ಆರೋಗ್ಯದ ಪಾಠದಲ್ಲಿ ಒಂದು ಕಾಯ್ದೆಯ ಹೆಸರು ಪದೇ ಪದೇ ಬರುತ್ತಿತ್ತು. ಫಿಲಿಪ್ಪೀನ್ಸ್ ರಾಷ್ಟ್ರೀಯ ಆರೋಗ್ಯ ಸಂಶೋಧನಾ ವ್ಯವಸ್ಥೆ ಕಾಯ್ದೆ, 2013. ಸಂಖ್ಯೆ 10532. ಆಗ ಪರೀಕ್ಷೆಗೆ ಉರು ಹೊಡೆದು ಬಿಟ್ಟಿದ್ದೆ. ಈಚೆಗೆ ಕೂತು ಪೂರ್ತಿ ಓದಿದೆ.

ಅವರು ಮಾಡಿದ್ದು ಇಷ್ಟು. 2003ರಲ್ಲಿ ವಿಜ್ಞಾನ ಇಲಾಖೆಯೂ ಆರೋಗ್ಯ ಇಲಾಖೆಯೂ ಒಂದು ಒಪ್ಪಂದ ಮಾಡಿಕೊಂಡು ಸಂಶೋಧನೆಯನ್ನು ಜೊತೆಯಾಗಿ ನಡೆಸಲು ಶುರು ಮಾಡಿದವು. 2007ರಲ್ಲಿ ಉನ್ನತ ಶಿಕ್ಷಣ ಆಯೋಗ ಮತ್ತು ಮನಿಲಾದ ಸರ್ಕಾರಿ ವಿಶ್ವವಿದ್ಯಾಲಯ ಸೇರಿಕೊಂಡವು. ಹತ್ತು ವರ್ಷ ಹಾಗೇ ನಡೆಯಿತು. ಬರೀ ಒಪ್ಪಂದವಾದರೆ ಮಂತ್ರಿ ಬದಲಾದ ಕೂಡಲೇ ಮೂಲೆಗೆ ಬೀಳಬಹುದು ಅಲ್ವಾ? ಅದಕ್ಕೆ 2013ರ ಮೇ ತಿಂಗಳಲ್ಲಿ ಕಾಯ್ದೆಯನ್ನೇ ತಂದರು. ಅಧ್ಯಕ್ಷ ಬೆನಿಗ್ನೊ ಅಕಿನೊ ಸಹಿ ಹಾಕಿದರು.

ಯಾವ ಕಾಯಿಲೆಗೆ, ಯಾವ ಪ್ರಶ್ನೆಗೆ ಮೊದಲು ದುಡ್ಡು ಹಾಕಬೇಕು ಅಂತ ಇಡೀ ದೇಶಕ್ಕೆ ಒಂದು ಆದ್ಯತಾ ಪಟ್ಟಿ ಇರುತ್ತದೆ. ಮನುಷ್ಯರ ಮೇಲಿನ ಸಂಶೋಧನೆಗೆ ರಾಷ್ಟ್ರಮಟ್ಟದ ನೈತಿಕ ಮಂಡಳಿ ಇದೆ. ಪ್ರತ್ಯೇಕ ನಿಧಿ ಇದೆ. ವಲಯಕ್ಕೊಂದು ಒಕ್ಕೂಟ ಇದೆ, ಹಾಗಾಗಿ ಎಲ್ಲವನ್ನೂ ಮನಿಲಾದಲ್ಲಿ ಕೂತವರೇ ತೀರ್ಮಾನ ಮಾಡುವುದಿಲ್ಲ. ನನಗೆ ಹಿಡಿಸಿದ ಅಂಶ ಇನ್ನೊಂದು. ಸಂಶೋಧನೆಯ ಫಲಿತಾಂಶವನ್ನು ಬಳಕೆಗೆ ತರುವುದೂ ಈ ವ್ಯವಸ್ಥೆಯ ಒಂದು ಅಂಗ. ವರದಿ ಅಚ್ಚಾಗಿ ಕಪಾಟು ಸೇರಿದರೆ ಕೆಲಸ ಮುಗಿಯಿತು ಅಂತಲ್ಲ.

ನಮ್ಮಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಇದೆ, ಆರೋಗ್ಯ ಸಂಶೋಧನಾ ಇಲಾಖೆ ಇದೆ. ಆದರೆ ಇಂಥದ್ದೊಂದು ಕಾಯ್ದೆ ಇದೆಯಾ? ಇಲ್ಲದಿದ್ದರೆ ಬೇಕಾ? ಗೊತ್ತಿರುವವರು ಹೇಳಿ.

ಸೊಪ್ಪಿನಬೆಟ್ಟ

ಡಾಕ್ಟ್ರೇ, ನಾನು ಸಾಗರ ತಾಲ್ಲೂಕಿನವನು. ಅಡಿಕೆ ತೋಟ, ನಾಲ್ಕು ದನ. ಕಾಯ್ದೆ ಕಾನೂನು ನನಗೆ ತಿಳಿಯುವುದಿಲ್ಲ. ನನಗೆ ಗೊತ್ತಿರುವುದು ಮಂಗನ ಕಾಯಿಲೆ ಒಂದೇ.

1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹೊಸ ವೈರಸ್ ಪತ್ತೆಯಾಯಿತು. ಉಣುಗು ಕಚ್ಚಿ ಹರಡುತ್ತದೆ ಅಂತಲೂ ಗೊತ್ತಾಯಿತು. ನಮ್ಮ ಕಾಡಿನ ಹೆಸರು ಲೋಕದ ಪುಸ್ತಕಗಳಿಗೆಲ್ಲ ಹೋಯಿತು. 1990ರಿಂದ ಲಸಿಕೆಯನ್ನೂ ಕೊಟ್ಟರು. ಆಮೇಲೆ ಏನಾಯಿತು? 2022ರ ಸುಮಾರಿಗೆ ಆ ಲಸಿಕೆಯೂ ನಿಂತಿತು. ಅದರಲ್ಲಿ ಸಾಕಷ್ಟು ಶಕ್ತಿ ಇಲ್ಲ ಅಂದರು.

ಹಾಗಾದರೆ ಅಷ್ಟು ವರ್ಷ ನಾವು ತೋಳು ಕೊಟ್ಟಿದ್ದು ಯಾಕೆ? ಈಗ ಚಳಿಗಾಲ ಬಂತು ಅಂದರೆ ದರಕು (ಕಾಡಿನ ಒಣ ಎಲೆ) ಗುಡಿಸಲು ಹೋಗುವ ಹೆಂಗಸರು ಉಣುಗು ಹತ್ತದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಕೊಟ್ಟಿಗೆಗೆ ದರಕು ಬೇಕೇ ಬೇಕು, ಕಾಡಿಗೆ ಹೋಗಬೇಡಿ ಅಂದರೆ ಆಗುವ ಮಾತಲ್ಲ. ಅರವತ್ತು ವರ್ಷಕ್ಕೂ ಜಾಸ್ತಿ ಸಂಶೋಧನೆ ಮಾಡಿದ ಕಾಯಿಲೆ ಇದು. ನಮ್ಮ ಕೈಗೆ ಬಂದಿದ್ದು ಎಣ್ಣೆ ಬಾಟಲಿ.

ಕಾನೂನು ಕಟ್ಟೆ

ಧಾರವಾಡದಲ್ಲಿ ವಕೀಲಿ ಮಾಡುತ್ತೇನೆ. ಡಾಕ್ಟರ್ ಕೇಳಿದ ಪ್ರಶ್ನೆಗೆ ನೇರ ಉತ್ತರ: ಇಲ್ಲ. ಅಂಥ ಒಂದೇ ಕಾಯ್ದೆ ನಮ್ಮಲ್ಲಿಲ್ಲ. ತುಂಡು ತುಂಡಾಗಿ ಇದೆ.

ಐಸಿಎಂಆರ್ ಹುಟ್ಟಿದ್ದು 1911ರಲ್ಲಿ, ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಅನ್ನುವ ಹೆಸರಿನಲ್ಲಿ. 1949ರಲ್ಲಿ ಈಗಿನ ಹೆಸರು ಬಂತು. ಕಾನೂನಿನ ಕಣ್ಣಲ್ಲಿ ಅದು ಇವತ್ತಿಗೂ ಸೊಸೈಟಿ ಕಾಯ್ದೆಯಡಿ ನೋಂದಣಿಯಾದ ಸಂಘ. ನಿಮ್ಮೂರಿನ ಯುವಕ ಸಂಘಕ್ಕೂ ಸೊಸೈಟಿ ನೋಂದಣಿಯೇ ಅಲ್ವಾ! ತಮಾಷೆ ಅಂತ ಹೇಳುತ್ತಿಲ್ಲ. ಅದರ ಆಡಳಿತ ಮಂಡಳಿಗೆ ಕೇಂದ್ರ ಆರೋಗ್ಯ ಸಚಿವರೇ ಅಧ್ಯಕ್ಷರು, ದುಡ್ಡೂ ಕೇಂದ್ರದ್ದೇ. ಆದರೆ ಸಂಸತ್ತು ಕಾಯ್ದೆ ಮಾಡಿ ‘ನಿನ್ನ ಕೆಲಸ ಇದು’ ಅಂತ ಅದಕ್ಕೆ ಹೇಳಿಲ್ಲ. 2007ರಲ್ಲಿ ಆರೋಗ್ಯ ಸಂಶೋಧನಾ ಇಲಾಖೆ ಶುರುವಾಯಿತು. ಅದೂ ಸರ್ಕಾರದ ಕೆಲಸ ಹಂಚಿಕೆಯ ಆದೇಶದಿಂದ ಹುಟ್ಟಿದ್ದು. ಇಲಾಖೆಯ ಕಾರ್ಯದರ್ಶಿಯೇ ಐಸಿಎಂಆರ್ ಮಹಾನಿರ್ದೇಶಕರು. ಅಂದರೆ ದುಡ್ಡು ಕೊಡುವವರೂ ಪಡೆಯುವವರೂ ಒಬ್ಬರೇ.

ಕಾಯ್ದೆ ಮಾಡಲು ಬರುವುದೇ ಇಲ್ಲ ಅಂತಲ್ಲ. ದೆಹಲಿಯ ಏಮ್ಸ್‌ಗೆ 1956ರಲ್ಲಿ ಮಾಡಿದರು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಗೆ 1980ರಲ್ಲಿ, ನಮ್ಮ ನಿಮ್ಹಾನ್ಸ್‌ಗೆ 2012ರಲ್ಲಿ ಮಾಡಿದರು. ಕಟ್ಟಡ ಇರುವ ಕಡೆ ಕಾಯ್ದೆ ಬಂದಿದೆ, ವ್ಯವಸ್ಥೆಗೆ ಬಂದಿಲ್ಲ.

ಔಷಧಿ ಪ್ರಯೋಗಗಳಿಗೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ಅವು 1940ರ ಔಷಧ ಕಾಯ್ದೆಯ ಕೆಳಗೆ ಬಂದ ನಿಯಮಗಳು. ಆ ನಿಯಮಗಳ 4ನೇ ಅಧ್ಯಾಯದಲ್ಲಿ ಔಷಧಿಗೆ ಸಂಬಂಧವಿಲ್ಲದ ಆರೋಗ್ಯ ಸಂಶೋಧನೆಯನ್ನೂ ಸೇರಿಸಿ, ಅದರ ನೈತಿಕತೆ ನೋಡುವ ಎಥಿಕ್ಸ್ ಕಮಿಟಿಗಳು ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಆಗಬೇಕು ಅಂದರು. ಒಳ್ಳೆಯದೇ. ಆದರೆ ಔಷಧ ಕಾಯ್ದೆಯ ಸೂರಿನ ಕೆಳಗೆ ಎಲ್ಲವನ್ನೂ ತುರುಕಿದ ಹಾಗಾಯಿತು. ತಪ್ಪಿದರೆ ನೋಂದಣಿ ರದ್ದು, ಹೆಚ್ಚೆಂದರೆ ಸದಸ್ಯರನ್ನು ಹೊರಗಿಡುತ್ತಾರೆ.

ಮನುಷ್ಯರ ಮೇಲಿನ ಸಂಶೋಧನೆಗೇ ಪ್ರತ್ಯೇಕ ಮಸೂದೆಯ ಕರಡೂ ಒಮ್ಮೆ ಸಿದ್ಧವಾಗಿತ್ತು. ಕಾಯ್ದೆ ಆಗಲಿಲ್ಲ.

ಅನುಮಾನಪ್ಪ

ವಕೀಲರೇ, ಇನ್ನೊಂದು ಕಾಯ್ದೆ, ಇನ್ನೊಂದು ಮಂಡಳಿ, ಅಧ್ಯಕ್ಷರಿಗೆ ಇನ್ನೊಂದು ಕಾರು. ಇಷ್ಟೇ ಆಗುವುದು.

ಡಾಕ್ಟರ್ ಫಿಲಿಪ್ಪೀನ್ಸ್ ಉದಾಹರಣೆ ಕೊಟ್ಟರಲ್ಲ, ಡೆಂಗ್ವಾಕ್ಸಿಯಾ ಕಥೆ ಯಾಕೆ ಹೇಳಲಿಲ್ಲ? ಇವರ ಕಾಯ್ದೆ ಬಂದಿದ್ದು 2013ರಲ್ಲಿ. 2016ರಲ್ಲಿ ಅದೇ ದೇಶ ಡೆಂಗಿ ಲಸಿಕೆಯನ್ನು ಶಾಲೆ ಮಕ್ಕಳಿಗೆ ಹಾಕಲು ಶುರು ಮಾಡಿತು. ಎಂಟು ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ಹಾಕಿದರು. 2017ರ ನವೆಂಬರಿನಲ್ಲಿ ತಯಾರಿಸಿದ ಸನೋಫಿ ಕಂಪನಿಯೇ ಹೇಳಿತು: ಮುಂಚೆ ಡೆಂಗಿ ಬರದೇ ಇದ್ದವರಿಗೆ ಈ ಲಸಿಕೆ ಹಾಕಿದರೆ, ಆಮೇಲೆ ಡೆಂಗಿ ಬಂದಾಗ ಜೋರಾಗಿ ಬರುವ ಅಪಾಯ ಇದೆ ಅಂತ. ಕಾರ್ಯಕ್ರಮ ನಿಂತಿತು, ಕೇಸುಗಳು ಬಿದ್ದವು. ಜನ ಬೇರೆ ಲಸಿಕೆಗಳನ್ನೂ ನಂಬದ ಹಾಗಾಯಿತು. 2019ರಲ್ಲಿ ಅಲ್ಲಿ ದಡಾರ ಜೋರಾಯಿತು.

ಆ ಆದ್ಯತಾ ಪಟ್ಟಿ, ಆ ನೈತಿಕ ಮಂಡಳಿ, ಆ ಬಳಕೆ ಸಮಿತಿ ಎಲ್ಲ ಆಗ ಎಲ್ಲಿದ್ದವು? ಬೇಲಿ ಹಾಕಿದ ಮಾತ್ರಕ್ಕೆ ತೋಟ ಆಗುವುದಿಲ್ಲ ಸ್ವಾಮಿ.

ದಾವಾವ್ ಡಾಕ್ಟರ್

ಅನುಮಾನಪ್ಪನವರೇ, ಹೆಸರಿಗೆ ತಕ್ಕ ಹಾಗೆ ಬರೆದಿದ್ದೀರಿ. ಡೆಂಗ್ವಾಕ್ಸಿಯಾ ಗಲಾಟೆ ನಾನು ಅಲ್ಲಿದ್ದಾಗಲೇ ಆಗಿದ್ದು. ಊರೂರು ಸಮೀಕ್ಷೆಗೆ ಹೋದಾಗ ತಾಯಂದಿರು ನಮ್ಮ ಬಿಳಿ ಕೋಟು ನೋಡಿದ ಕೂಡಲೇ ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಿದ್ದರು. ದಡಾರದ ಚುಚ್ಚುಮದ್ದು ಅಂದರೂ ಕೇಳುತ್ತಿರಲಿಲ್ಲ.

ಕಾಯ್ದೆ ಇದ್ದೂ ಹಾಗಾಯಿತು ಅನ್ನುವುದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಲಸಿಕೆ ಖರೀದಿ ಸಂಶೋಧನಾ ವ್ಯವಸ್ಥೆಯ ಬಾಗಿಲಿನಿಂದ ಬಂದಿದ್ದಲ್ಲ. ಸರ್ಕಾರ ಒಂದು ಸಾರ್ವಜನಿಕ ಕಾರ್ಯಕ್ರಮ ಅಂತ ಕೊಂಡು ತಂದಿದ್ದು. ನನ್ನ ಲೆಕ್ಕದಲ್ಲಿ ಆ ಕಾಯ್ದೆಯ ದೊಡ್ಡ ಕೊರತೆಯೇ ಅದು. ಸಂಶೋಧನೆ ಒಂದು ಕಡೆ, ಕಾರ್ಯಕ್ರಮದ ತೀರ್ಮಾನ ಇನ್ನೊಂದು ಕಡೆ. ಸಂಶೋಧಕರು ‘ತಡೆಯಿರಿ’ ಅಂದರೆ ಮಂತ್ರಿ ನಿಲ್ಲಲೇಬೇಕು ಅನ್ನುವ ಶಕ್ತಿ ಅದಕ್ಕಿಲ್ಲ. ನಾವು ಮಾಡುವುದಾದರೆ ಅದನ್ನು ನೋಡಿಕೊಂಡು ಮಾಡಬೇಕು.

ಪೀಜಿ ಪರದಾಟ

ನಾನು ಸಮುದಾಯ ವೈದ್ಯಕೀಯದಲ್ಲಿ ಎಂಡಿ ಮಾಡುತ್ತಿದ್ದೇನೆ, ಕಾಲೇಜಿನ ಹೆಸರು ಬೇಡ. ಎಥಿಕ್ಸ್ ಕಮಿಟಿ ಒಳಗಿನಿಂದ ಹೇಗಿರುತ್ತದೆ ಅಂತ ಹೇಳುತ್ತೇನೆ.

ಸಿನಾಪ್ಸಿಸ್ (ಸಂಶೋಧನೆಯ ಯೋಜನೆಯ ಸಾರಾಂಶ) ಕಳಿಸುವ ಕಾಲಕ್ಕೆ ನಮ್ಮ ಬ್ಯಾಚಿನವರ ಫೈಲುಗಳೆಲ್ಲ ಒಂದೇ ದಿನ ಕಮಿಟಿ ಮುಂದೆ. ನಿಯಮದ ಪ್ರಕಾರ ಕನಿಷ್ಠ ಏಳು ಜನ ಸದಸ್ಯರಿರಬೇಕು. ಒಬ್ಬರು ಸಾಮಾನ್ಯ ನಾಗರಿಕರು, ಒಬ್ಬರು ಮಹಿಳೆ, ಒಬ್ಬರು ಕಾನೂನು ತಿಳಿದವರು ಇರಬೇಕು. ಎಲ್ಲರೂ ಇದ್ದರು. ಸಾಮಾನ್ಯ ನಾಗರಿಕರಾಗಿ ಬಂದವರು ನಿವೃತ್ತ ಮೇಷ್ಟ್ರು. ನಿಜ ಹೇಳಬೇಕೆಂದರೆ ನನ್ನ ಅಧ್ಯಯನಕ್ಕೆ ಒಳಪಡುವವರು ಸಹಿ ಹಾಕಬೇಕಾದ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿದವರು ಅವರೊಬ್ಬರೇ. ‘ಏನಮ್ಮಾ, ಇದನ್ನು ಓದಿ ನನಗೇ ಅರ್ಥ ಆಗಲಿಲ್ಲ, ಹೊಲದಲ್ಲಿ ಕೆಲಸ ಮಾಡುವವರಿಗೆ ಏನು ಅರ್ಥ ಆಗುತ್ತೆ?’ ಅಂತ ಕೇಳಿದರು. ಇಂಗ್ಲಿಷ್ ಪತ್ರವನ್ನು ಯಂತ್ರಕ್ಕೆ ಹಾಕಿ ಕನ್ನಡ ಮಾಡಿದ್ದು ಅದು. ಪಕ್ಕದಲ್ಲಿದ್ದ ಪ್ರೊಫೆಸರ್ ‘ಇರಲಿ ಸಾರ್, ಎಲ್ಲರೂ ಹಾಗೇ ಮಾಡೋದು’ ಅಂದು ಸಹಿ ಹಾಕಿದರು. ನಾನು ಆಮೇಲೆ ಆ ಮೇಷ್ಟ್ರ ಮನೆಗೇ ಹೋಗಿ ಅವರಿಂದ ತಿದ್ದಿಸಿಕೊಂಡು ಬಂದೆ.

ಕಮಿಟಿ ಫೈಲು ಪಾಸ್ ಮಾಡುತ್ತದೆ. ಸಂಶೋಧನೆ ಮುಗಿದ ಮೇಲೆ ಹಳ್ಳಿಗೆ ಹೋಗಿ ಫಲಿತಾಂಶ ಹೇಳಿದೆಯಾ ಅಂತ ಇದುವರೆಗೆ ನನ್ನನ್ನು ಯಾರೂ ಕೇಳಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಸಮುದಾಯಕ್ಕೆ ಲಾಭ ತಲುಪಬೇಕು ಅಂತೆಲ್ಲ ಚೆನ್ನಾಗೇ ಬರೆದಿದೆ. ಮಾರ್ಗಸೂಚಿ ಮಾರ್ಗ ತೋರಿಸುತ್ತದೆ, ನಡೆದೆಯಾ ಅಂತ ನೋಡುವವರು ಯಾರು?

ಆಶಾ ಅಕ್ಕ

ನಾನು ಆಶಾ ಕಾರ್ಯಕರ್ತೆ. ಹೊಸನಗರ ತಾಲ್ಲೂಕು.

ಸೊಪ್ಪಿನಬೆಟ್ಟ ಅಣ್ಣ ಹೇಳಿದ್ದು ಸರಿ. ನನ್ನದೂ ಒಂದು ಮಾತಿದೆ. ಆ ಲಸಿಕೆ ಹಾಕಿಸಲು ಮನೆ ಮನೆ ತಿರುಗಿದವರು ನಾವು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು. ಆಮೇಲೆ ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್. ಆಮೇಲೆ ವರ್ಷ ವರ್ಷ. ವಿಪರೀತ ನೋವು ಅದು. ಮಾರನೇ ದಿನ ಕೂಲಿಗೆ ಹೋಗುವ ಹಾಗಿಲ್ಲ. ಮೊದಲ ಡೋಸು ಹಾಕಿಸಿಕೊಂಡವರು ಎರಡನೆಯದಕ್ಕೆ ನಮ್ಮನ್ನು ಕಂಡರೆ ಹಿತ್ತಿಲಿನಿಂದ ತೋಟಕ್ಕೆ ಓಡುತ್ತಿದ್ದರು. ಬೈಸಿಕೊಂಡಿದ್ದು ನಾವು. ಈಗ ‘ಆ ಲಸಿಕೆಯಲ್ಲಿ ಏನೂ ಇರಲಿಲ್ಲವಂತೆ, ಸುಮ್ನೆ ಚುಚ್ಚಿಸಿದೆಯಲ್ಲ’ ಅಂತ ಅದೇ ಜನ ನಮಗೇ ಕೇಳುತ್ತಾರೆ.

ಲಸಿಕೆ ನಿಂತಿದ್ದು ಯಾಕೆ ಅಂತ ನಮಗೆ ಮೀಟಿಂಗಿನಲ್ಲಿ ಯಾರೂ ಕೂರಿಸಿ ಹೇಳಲಿಲ್ಲ. ಪೇಪರಿನಲ್ಲಿ ಓದಿದ್ದು. ನಾಳೆ ಹೊಸ ಲಸಿಕೆ ಬಂದರೆ ಮತ್ತೆ ನಮ್ಮನ್ನೇ ಕಳಿಸುತ್ತಾರೆ. ಆಗ ಏನು ಹೇಳಲಿ ಸರ್?

ಅಂಕಿಸಂಖ್ಯೆ

ಅಕ್ಕ, ‘ಏನೂ ಇರಲಿಲ್ಲ’ ಅನ್ನುವುದು ಪೂರ್ತಿ ಸರಿಯಲ್ಲ. ನಿಮ್ಮ ಕೆಲಸ ವ್ಯರ್ಥ ಅಂತ ಅಂದುಕೊಳ್ಳಬೇಡಿ. ಪ್ರಕಟವಾದ ಅಧ್ಯಯನಗಳನ್ನು ನೋಡಿದರೆ ಕಥೆ ಹೀಗಿದೆ.

1994ರಲ್ಲಿ ಬಂದ ಮೊದಲಿನ ವರದಿಯಲ್ಲಿ ಒಂದು ಡೋಸಿಗೆ ಶೇ 79.3, ಎರಡು ಡೋಸಿಗೆ ಶೇ 93.5 ರಕ್ಷಣೆ ಇತ್ತು. 2005ರಿಂದ 2010ರ ಅವಧಿಯ ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಡೋಸಿಗೆ ಶೇ 62.4ಕ್ಕೆ ಇಳಿದಿದೆ. ಬೂಸ್ಟರ್ ಸೇರಿದರೆ ಶೇ 82.9. ಅಂದರೆ ಇಳಿಯುತ್ತಿರುವುದು 2013ಕ್ಕೇ ಕಾಗದದ ಮೇಲಿತ್ತು. ಲಸಿಕೆ ನಿಂತಿದ್ದು 2022ರ ಹೊತ್ತಿಗೆ. ನಡುವಿನ ಆ ವರ್ಷಗಳಲ್ಲಿ, 2018-19ರಲ್ಲಿ, ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಕೆರಳಿ ಜನ ಸತ್ತರು.

ಇಲ್ಲಿ ಯಾರು ಯಾರು ಇದ್ದಾರೆ ನೋಡಿ. ವೈರಸ್ ಪತ್ತೆ ಮಾಡಿದ್ದು ಈಗ ಐಸಿಎಂಆರ್ ಕೆಳಗಿರುವ ಪುಣೆಯ ಸಂಸ್ಥೆ. ಲಸಿಕೆ ತಯಾರಿಸಿದ್ದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಅದು ರಾಜ್ಯದ್ದು. ಹಾಕಿಸಿದ್ದು ರಾಜ್ಯದ ಆರೋಗ್ಯ ಇಲಾಖೆ. ಲಸಿಕೆಗಳ ಗುಣಮಟ್ಟ ನೋಡುವ ಕೇಂದ್ರದ ಪ್ರಯೋಗಾಲಯ ಕಸೌಲಿಯಲ್ಲಿ. ಸತ್ತ ಮಂಗ ಅರಣ್ಯ ಇಲಾಖೆಗೆ, ದನದ ಮೈಮೇಲಿನ ಉಣುಗು ಪಶುಸಂಗೋಪನೆಗೆ, ನಾವು ಹಚ್ಚುವ ಡೆಪಾ ಕಂಡುಹಿಡಿದಿದ್ದು ರಕ್ಷಣಾ ಇಲಾಖೆಯ ಪ್ರಯೋಗಾಲಯ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿದ್ದಾರೆ ಅಂತಲೇ ಇಟ್ಟುಕೊಳ್ಳೋಣ. ‘2013ರ ಅಧ್ಯಯನ ಓದಿದೆ, ಇನ್ನು ಇಷ್ಟು ತಿಂಗಳಲ್ಲಿ ಇದಕ್ಕೆ ಒಂದು ತೀರ್ಮಾನ ಆಗಲೇಬೇಕು’ ಅಂತ ಹೇಳುವ ಕರ್ತವ್ಯ ಇವರಲ್ಲಿ ಯಾರದ್ದು? ಯಾರದ್ದೂ ಅಲ್ಲ. ನನಗೆ ಕಾಯ್ದೆ ಬೇಕು ಅನ್ನಿಸುವುದು ಈ ಒಂದು ಕಾರಣಕ್ಕೆ.

ತುಮಕೂರು ರಾಯರು

ನಾನು ಕ್ಷಯರೋಗ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹುಡುಗರು ಎಲ್ಲದಕ್ಕೂ ಕಾಯ್ದೆ ಅನ್ನುತ್ತೀರಿ. ಕಾಯ್ದೆ ಇಲ್ಲದೆಯೂ ನಮ್ಮ ಜಿಲ್ಲೆಯಲ್ಲಿ ಆದ ಒಂದು ಕೆಲಸ ದೇಶದ ದಾರಿಯನ್ನೇ ಬದಲಿಸಿತು, ಅದು ಗೊತ್ತಾ?

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದು 1959ರಲ್ಲಿ. ಅಲ್ಲಿದ್ದ ದೇಬಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ಹಳ್ಳಿ ಜನಕ್ಕೆ ಕಾಯಿಲೆಯ ಪರಿವೆ ಇಲ್ಲ, ಎಕ್ಸ್‌ರೇ ವ್ಯಾನು ತೆಗೆದುಕೊಂಡು ಹೋಗಿ ಹುಡುಕಬೇಕು ಅಂತ ಆಗಿನ ದೊಡ್ಡವರ ನಂಬಿಕೆ. ಇವರು ಹೋಗಿ ಜನರನ್ನೇ ಕೂರಿಸಿ ಮಾತಾಡಿಸಿದರು. ಕ್ಷಯ ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅಷ್ಟು ಹೊತ್ತಿಗಾಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು! ಕೆಮ್ಮಿನ ಔಷಧಿ ಬಾಟಲಿ ಕೊಟ್ಟು ವಾಪಸ್ ಕಳಿಸಿದ್ದರು ಅಷ್ಟೇ. ತಪ್ಪು ಜನರದ್ದಲ್ಲ, ಆಸ್ಪತ್ರೆಯದ್ದು. ಕೆಮ್ಮು ಅಂತ ಬಂದವರ ಕಫವನ್ನು ಅಲ್ಲೇ ಪರೀಕ್ಷೆ ಮಾಡಿದರೆ ಸಾಕು ಅನ್ನುವ ಲೆಕ್ಕದ ಮೇಲೆ ಜಿಲ್ಲಾ ಕ್ಷಯ ಕಾರ್ಯಕ್ರಮ ನಿಂತಿತು. ಅಧ್ಯಯನ ಅಚ್ಚಾಗುವ ಮುಂಚೆಯೇ, 1962ರಿಂದ, ಅದು ದೇಶಕ್ಕೆಲ್ಲ ಹೋಯಿತು.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹಿರಿಯರು ಕಲಿಸಿದ್ದು ಇದನ್ನೇ. ಕೆಮ್ಮುವವನು ಎದುರಿಗೆ ಬಂದರೆ ಮೊದಲು ಕಫದ ಡಬ್ಬಿ ಕೈಗೆ ಕೊಡು, ಆಮೇಲೆ ಚೀಟಿ ಬರೆ.

ಆಗ ಸಂಶೋಧನೆ ಮಾಡುವವರೂ ಕಾರ್ಯಕ್ರಮ ರೂಪಿಸುವವರೂ ಒಂದೇ ಸೂರಿನ ಕೆಳಗೆ ಕೂತಿದ್ದರು. ಅಷ್ಟೇ ಗುಟ್ಟು.

ಕಾನೂನು ಕಟ್ಟೆ

ರಾಯರೇ, ಕೈಮುಗಿದೆ. ಆದರೆ ನೀವು ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತದೆ. ಒಳ್ಳೆಯ ಜನ ಒಂದೇ ಸೂರಿನ ಕೆಳಗೆ ಕೂತಾಗ ಆಯಿತು. ಕೂರದೇ ಇದ್ದರೆ? ಅದೃಷ್ಟ ಇಲ್ಲದ ವರ್ಷಕ್ಕೆ ತಾನೇ ಕಾನೂನು ಬೇಕಾಗುವುದು.

ಖಮ್ಮಂ ವಿಷಯವನ್ನೂ ಸೇರಿಸುತ್ತೇನೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ, ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು 10ರಿಂದ 14 ವರ್ಷದ ಹುಡುಗಿಯರಿಗೆ ಹಾಕಿದರು. ಅಮೆರಿಕದ ‘ಪಾತ್’ ಸಂಸ್ಥೆಯ ಯೋಜನೆ, ಜೊತೆಗೆ ಐಸಿಎಂಆರ್. 2010ರ ಏಪ್ರಿಲ್‌ನಲ್ಲಿ ನಿಲ್ಲಿಸಬೇಕಾಯಿತು. ಏಳು ಹುಡುಗಿಯರು ತೀರಿಕೊಂಡಿದ್ದರು. ಸಾವಿಗೆ ಲಸಿಕೆ ಕಾರಣ ಅಂತ ವಿಚಾರಣೆಯಲ್ಲಿ ಕಂಡುಬರಲಿಲ್ಲ. ಲಸಿಕೆ ಒಳ್ಳೆಯದೇ, ಹೆಣ್ಣುಮಕ್ಕಳಿಗೆ ಹಾಕಿಸಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಹಾಸ್ಟೆಲಿನಲ್ಲಿದ್ದ ಬುಡಕಟ್ಟು ಮಕ್ಕಳ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. ಪ್ರಶ್ನೆ ಬಂದಾಗ ‘ಇದು ಕ್ಲಿನಿಕಲ್ ಟ್ರಯಲ್ ಅಲ್ಲ, ಪ್ರಾತ್ಯಕ್ಷಿಕೆ ಯೋಜನೆ’ ಅನ್ನುವ ಉತ್ತರ ಬಂತು. 2013ರ ಆಗಸ್ಟಿನಲ್ಲಿ ಸಂಸದೀಯ ಸ್ಥಾಯಿ ಸಮಿತಿ ತನ್ನ 72ನೇ ವರದಿಯಲ್ಲಿ ಇದನ್ನೆಲ್ಲ ಕಟುವಾಗಿಯೇ ಬರೆಯಿತು.

ಕೆಲಸ ಒಂದೇ, ಹಣೆಪಟ್ಟಿ ಬದಲಿಸಿದರೆ ನಿಯಮ ಅನ್ವಯಿಸುವುದಿಲ್ಲ. ಔಷಧ ಕಾಯ್ದೆಯ ಮೇಲೆ ನಿಂತ ವ್ಯವಸ್ಥೆಯಲ್ಲಿ ಇಂಥ ಸಂದು ಇದ್ದೇ ಇರುತ್ತದೆ. ಆರೋಗ್ಯ ಸಂಶೋಧನೆ ಅಂದರೆ ಏನು ಅಂತ ಒಂದು ಕಾಯ್ದೆಯೇ ಹೇಳಿಬಿಟ್ಟರೆ ಈ ಆಟ ಕಷ್ಟ.

ಅನುಮಾನಪ್ಪ

ಅದು ಒಪ್ಪಿದೆ. ದುಡ್ಡು? 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂತಲ್ಲ, ಆರೋಗ್ಯವೂ ಅದರಲ್ಲಿದೆ. ಪ್ರಧಾನಿಯೇ ಅಧ್ಯಕ್ಷರು. ಐದು ವರ್ಷಕ್ಕೆ 50 ಸಾವಿರ ಕೋಟಿ ಅಂದರು. ಅದರಲ್ಲಿ ಸುಮಾರು 36 ಸಾವಿರ ಕೋಟಿ ಸರ್ಕಾರದ ಹೊರಗಿನಿಂದ ಬರಬೇಕಂತೆ. ಉಣುಗಿನ ಕಾಯಿಲೆಗೆ ಯಾವ ಉದ್ಯಮಿ ದುಡ್ಡು ಹಾಕುತ್ತಾನೆ ಹೇಳಿ ನೋಡೋಣ. ದರಕು ಗುಡಿಸುವವರಿಗೆ ಮಾರಿ ಲಾಭ ಮಾಡುವ ಲಸಿಕೆಯಾ ಅದು?

ಅಂಕಿಸಂಖ್ಯೆ

ದುಡ್ಡಿನ ವಿಷಯಕ್ಕೆ ಒಂದು ಅಳತೆ ಇದೆ. 1990ರಲ್ಲಿ ಅಭಿವೃದ್ಧಿಗಾಗಿ ಆರೋಗ್ಯ ಸಂಶೋಧನೆ ಅನ್ನುವ ಅಂತರರಾಷ್ಟ್ರೀಯ ಆಯೋಗ ಹೇಳಿತ್ತು: ಪ್ರತಿ ದೇಶವೂ ತನ್ನ ಆರೋಗ್ಯ ವೆಚ್ಚದ ಶೇ 2ನ್ನಾದರೂ ಸಂಶೋಧನೆಗೆ ಇಡಬೇಕು ಅಂತ.

2025-26ರ ಕೇಂದ್ರ ಬಜೆಟ್ಟಿನಲ್ಲಿ ಆರೋಗ್ಯ ಸಂಶೋಧನಾ ಇಲಾಖೆಗೆ ಇಟ್ಟಿದ್ದು ಸುಮಾರು ₹3,900 ಕೋಟಿ. ದೇಶದ ಒಟ್ಟು ಆರೋಗ್ಯ ವೆಚ್ಚ, ಜನರ ಜೇಬಿನದ್ದೂ ಸೇರಿ, 2021-22ರಲ್ಲೇ ₹9.04 ಲಕ್ಷ ಕೋಟಿ. ಹಳೆಯ ವೆಚ್ಚಕ್ಕೆ ಹೊಸ ಬಜೆಟ್ ಹಿಡಿದು ಉದಾರವಾಗಿ ಲೆಕ್ಕ ಹಾಕಿದರೂ ಅರ್ಧ ಪರ್ಸೆಂಟ್ ಮುಟ್ಟುವುದಿಲ್ಲ. ಶೇ 2 ಅಂದರೆ ಹದಿನೆಂಟು ಸಾವಿರ ಕೋಟಿ ಆಗಬೇಕು. ಜೈವಿಕ ತಂತ್ರಜ್ಞಾನ ಇಲಾಖೆಯೂ ಆರೋಗ್ಯ ಸಂಶೋಧನೆಗೆ ಖರ್ಚು ಮಾಡುತ್ತದೆ, ಅದನ್ನು ಸೇರಿಸಿಲ್ಲ.

ಸೊಪ್ಪಿನಬೆಟ್ಟ

ಒಂದು ಮಾತು ಬಿಟ್ಟುಹೋಯಿತು. ನಮ್ಮ ತಾಲ್ಲೂಕಿನಲ್ಲೇ ಹಂದಿಗೋಡು ಅಂತ ಊರಿದೆ. 1975ರ ಸುಮಾರಿಗೆ ಅಲ್ಲಿ ಕೀಲು ಹಿಡಿದುಕೊಳ್ಳುವ ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮಂಡಿ ಸೆಟೆದುಕೊಂಡು ಕೋಲು ಹಿಡಿದು ಬಗ್ಗಿ ನಡೆಯುವ ಸ್ಥಿತಿ. ಬಂದಿದ್ದು ಹೆಚ್ಚಾಗಿ ಚನ್ನಂಗಿ, ಚಲವಾದಿ ಜನರಿಗೆ, ಬೇರೆಯವರ ಗದ್ದೆಯಲ್ಲಿ ದುಡಿಯುವವರಿಗೆ. ಹೈದರಾಬಾದಿನ ಪೋಷಣೆ ಸಂಸ್ಥೆಯವರು, ಐಸಿಎಂಆರ್‌ನವರು ಬಂದರು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು. ವಂಶದಲ್ಲಿ ಬರುವ ಕಾಯಿಲೆ ಅಂತ ಹೇಳಿದರು.

ನನಗೆ ಗೊತ್ತಿರುವ ಒಬ್ಬ ಅಜ್ಜಿ ಕೇಳುತ್ತಿದ್ದರು. ‘ಪ್ರತಿ ಸಲ ಕಾರಲ್ಲಿ ಬರ್ತಾರೆ, ಸೊಂಟ ಅಳೀತಾರೆ, ಹೋಗ್ತಾರೆ. ಅಳತೆ ತಗೊಂಡವರು ಅಂಗಿನಾದರೂ ಹೊಲಿಸಿಕೊಡಬೇಕಾ ಬೇಡ್ವಾ?’ ಅಂತ. ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ನಿರ್ವಾಹಕರು

ಮೂರು ಪ್ರತಿಕ್ರಿಯೆ ಅಳಿಸಿದ್ದೇನೆ. ಯಾವ ಪಕ್ಷ ಏನು ಮಾಡಿತು ಅನ್ನುವ ಜಗಳ ಇಲ್ಲಿ ಬೇಡ. ಲಸಿಕೆಯೇ ಮೋಸ ಅನ್ನುವ ಫಾರ್ವರ್ಡ್ ಸಂದೇಶಗಳೂ ಬೇಡ.

ಪೀಜಿ ಪರದಾಟ

ಕಾಯ್ದೆಯ ಕೆಲಸ ಕೇಂದ್ರದ್ದಾ, ರಾಜ್ಯದ್ದಾ? ಸಂವಿಧಾನದಲ್ಲಿ ಆರೋಗ್ಯ ರಾಜ್ಯದ ಪಟ್ಟಿಯಲ್ಲಿದೆ ಅಲ್ವಾ ಸರ್?

ಕಾನೂನು ಕಟ್ಟೆ

ಹೌದಮ್ಮ, ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ 6ನೇ ನಮೂದು. ಆದರೆ ಸಂಶೋಧನಾ ಸಂಸ್ಥೆಗಳ ಗುಣಮಟ್ಟ ಮತ್ತು ಹೊಂದಾಣಿಕೆ ಕೇಂದ್ರ ಪಟ್ಟಿಯ 66ರಲ್ಲಿದೆ. ಔಷಧಿ ಜಂಟಿ ಪಟ್ಟಿಯಲ್ಲಿ. ಹಾಗಾಗಿ ಸಂಸತ್ತು ಧಾರಾಳವಾಗಿ ಮಾಡಬಹುದು. ರಾಜ್ಯವೂ ತನ್ನ ಮಿತಿಯಲ್ಲಿ ಮಾಡಬಹುದು. ಮಲೆನಾಡಿನ ಮಟ್ಟಿಗೆ ನನಗೆ ರಾಜ್ಯದ್ದೇ ಬೇಗ ಆಗುವ ಕೆಲಸ ಅನ್ನಿಸುತ್ತದೆ.

ಬರೆಯುವುದಾದರೆ ನಾನು ಒಂದು ಕಲಮಿಗೆ ಹಠ ಹಿಡಿಯುತ್ತೇನೆ. ಸರ್ಕಾರದ ದುಡ್ಡಿನಲ್ಲಿ ನಡೆದ ಅಧ್ಯಯನವೊಂದು ‘ಈ ಕಾರ್ಯಕ್ರಮ ಸರಿಯಾಗಿ ಕೆಲಸ ಮಾಡುತ್ತಿಲ್ಲ’ ಅಂತ ಹೇಳಿದರೆ, ಹೆಸರು ಸೂಚಿಸಿದ ಒಬ್ಬ ಅಧಿಕಾರಿ ಆರು ತಿಂಗಳೊಳಗೆ ಲಿಖಿತ ಉತ್ತರ ಕೊಡತಕ್ಕದ್ದು. ಒಪ್ಪುತ್ತೇವೆ, ಒಪ್ಪುವುದಿಲ್ಲ, ಒಪ್ಪದಿದ್ದರೆ ಕಾರಣ ಇದು. ಅದರ ಪ್ರತಿ ಆ ಊರಿನ ಗ್ರಾಮ ಪಂಚಾಯಿತಿಗೂ ಹೋಗಬೇಕು, ಕನ್ನಡದಲ್ಲಿ. ‘ಕೊಡತಕ್ಕದ್ದು’ ಅಂತ ಕಾಯ್ದೆಯಲ್ಲಿದ್ದರೆ ಕೊಡದವರನ್ನು ಹೈಕೋರ್ಟಿಗೆ ಎಳೆಯಬಹುದು. ಮಾರ್ಗಸೂಚಿಯನ್ನು ಹಿಡಿದು ಹೋದರೆ ಅಷ್ಟು ಗಟ್ಟಿ ನೆಲ ಸಿಗುವುದಿಲ್ಲ.

ಅನುಮಾನಪ್ಪ

ಈ ಕಲಮು ಇದ್ದರೆ ನನ್ನದೂ ಒಂದು ಸಹಿ ಹಾಕಿಕೊಳ್ಳಿ. ಮಂಡಳಿ, ಕಾರು ಬೇಡ.

ಆಶಾ ಅಕ್ಕ

ಪಂಚಾಯಿತಿ ಜೊತೆ ನಮಗೂ ಒಂದು ಪ್ರತಿ ಬರಬೇಕು ಸರ್. ಬಾಗಿಲು ಬಡಿಯುವವರು ನಾವು. ಕೇಳಿದ್ದಕ್ಕೆ ಉತ್ತರ ಹೇಳಬೇಕಾದವರೂ ನಾವೇ.

ಕಾನೂನು ಕಟ್ಟೆ

ಸೇರಿಸಿದೆ ಅಕ್ಕ. ಗ್ರಾಮ ಪಂಚಾಯಿತಿ ಮತ್ತು ಆ ವ್ಯಾಪ್ತಿಯ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ.

ಸೊಪ್ಪಿನಬೆಟ್ಟ

ಕಾಯ್ದೆ ಬರುವ ಹೊತ್ತಿಗೆ ನಮ್ಮ ಮೊಮ್ಮಕ್ಕಳು ದರಕು ಗುಡಿಸುತ್ತಿರುತ್ತಾರೆ. ಹೊಸ ಲಸಿಕೆಗೆ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕೈಜೋಡಿಸಿವೆ ಅಂತ ಪೇಪರಿನಲ್ಲಿ ಬಂದಿತ್ತು. ಅದು ಎಲ್ಲಿಗೆ ಬಂತು ಅಂತ ಈಗ ತಿಳಿದುಕೊಳ್ಳುವುದು ಹೇಗೆ? ಮಾಹಿತಿ ಹಕ್ಕಿನಲ್ಲಿ ಕೇಳಬಹುದಾ?

ಕಾನೂನು ಕಟ್ಟೆ

ಕೇಳಬಹುದು. ಐಸಿಎಂಆರ್‌ಗೆ ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕಿ, ಶುಲ್ಕ ₹10, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ರಾಜ್ಯದ ಆರೋಗ್ಯ ಇಲಾಖೆಗೆ ಬೇರೆ ಅರ್ಜಿ. ಎರಡನ್ನೂ ಒಂದರಲ್ಲಿ ಸೇರಿಸಬೇಡಿ, ಒಬ್ಬರ ಮೇಲೊಬ್ಬರು ಹಾಕಿ ವಾಪಸ್ ಕಳಿಸುತ್ತಾರೆ.

‘ಯಾಕೆ ತಡವಾಯಿತು’ ಅಂತ ಕೇಳಬೇಡಿ. ಕಾರಣ ವಿವರಿಸುವುದು ಮಾಹಿತಿಯಲ್ಲ ಅಂತ ತಳ್ಳಿಹಾಕುತ್ತಾರೆ. ದಾಖಲೆಯ ಪ್ರತಿ ಕೇಳಿ. ಹಳೆಯ ಲಸಿಕೆ ನಿಲ್ಲಿಸಿದ ಆದೇಶದ ಪ್ರತಿ, ಅದಕ್ಕೆ ಮುಂಚಿನ ಗುಣಮಟ್ಟದ ವರದಿಗಳು, 2013ರ ಅಧ್ಯಯನದ ಬಗ್ಗೆ ಕಡತದಲ್ಲಿರುವ ಟಿಪ್ಪಣಿ ಹಾಳೆಗಳು. ಇದು ರಾಜ್ಯಕ್ಕೆ. ಹೊಸ ಲಸಿಕೆಯ ಒಪ್ಪಂದ ಮತ್ತು ಈಗಿನ ಹಂತದ ಪ್ರಗತಿ ವರದಿ, ಇದು ಐಸಿಎಂಆರ್‌ಗೆ. ಕಂಪನಿಯ ವ್ಯಾಪಾರ ಗುಟ್ಟು ಅಂತ ಒಪ್ಪಂದದ ಕೆಲವು ಭಾಗ ಕೊಡದೇ ಇರಬಹುದು, ಉಳಿದದ್ದು ಕೊಡಬೇಕು. 30 ದಿನ ಕಾಲಾವಕಾಶ. ಬರದಿದ್ದರೆ ಮೊದಲ ಮೇಲ್ಮನವಿ, ಅದನ್ನು ನಾನು ಬರೆದುಕೊಡುತ್ತೇನೆ.

ಪೀಜಿ ಪರದಾಟ

ರಾಜ್ಯದ ಅರ್ಜಿಯ ಕರಡು ನಾನು ಈ ರಾತ್ರಿ ಹಾಕುತ್ತೇನೆ. ಸೊಪ್ಪಿನಬೆಟ್ಟ ಅವರೇ, ಅರ್ಜಿ ನಿಮ್ಮ ಹೆಸರಿನಲ್ಲೇ ಹೋಗಲಿ, ಆ ಊರಿನವರು ಕೇಳಿದರೆ ತೂಕ ಜಾಸ್ತಿ. ಕನ್ನಡ ಸರಿ ಇದೆಯಾ ಅಂತ ಒಮ್ಮೆ ಓದಿ ಹೇಳಿ, ಮೇಷ್ಟ್ರಿಗೂ ಕಳಿಸುತ್ತೇನೆ.